ಕೃಷ್ಣಾ ತೀರದ ಕಲ್ಲುಮನೆಗಳು ಮತ್ತು ನಮ್ಮ ಕೊಯ್ಲಿನ ಜನ



ಬೋರ್ಡೋ ದ್ರಾವಣದ ಪ್ರಮಾಣ, ಅಡಿಕೆಯ ಕೊಳೆರೋಗ, ಕಾಫಿಯ ಕಾಯಿಕೊರಕ, ಗೊಬ್ಬರದ ದಾಸ್ತಾನು, ಬಾಕಿ ಸಾಲದ ಕಂತು, ಈ ವಿಷಯಗಳನ್ನು ಬಿಟ್ಟು ಬೇರೇನನ್ನೂ ಬರೆಯದ ಕಾರ್ಯದರ್ಶಿ ಎಂಬ ಅಪವಾದ ನನ್ನ ಮೇಲಿದೆ. ಈ ಸಲ ಅದನ್ನು ಸ್ವಲ್ಪಮಟ್ಟಿಗಾದರೂ ಕಳೆದುಕೊಳ್ಳೋಣವೆಂದು ಒಂದು ಪ್ರವಾಸದ ವಿಷಯ ಬರೆಯುತ್ತಿದ್ದೇನೆ. ಪ್ರವಾಸವೆಂದರೆ ಊಟಿಯೂ ಅಲ್ಲ, ಕಾಶಿಯೂ ಅಲ್ಲ. ಕಳೆದ ಏಪ್ರಿಲ್ ತಿಂಗಳಲ್ಲಿ, ಹೂಮಳೆ ಬಂದು ತೋಟದ ಕೆಲಸ ಒಂದಿಷ್ಟು ಹಗುರವಾದ ಹೊತ್ತಿನಲ್ಲಿ, ರಾಯಚೂರು ಜಿಲ್ಲೆಯ ದೇವಸುಗೂರಿನ ಕಡೆಗೆ ಹೋಗಿ ಐದು ದಿನ ಇದ್ದು ಬಂದೆ. ಆ ಉರಿಬಿಸಿಲಿನಲ್ಲಿ ರಾಯಚೂರಿಗೆ ಯಾರಾದರೂ ಹೋಗುತ್ತಾರೆಯೇ ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ಆದರೆ ನಾನು ನೋಡಬೇಕೆಂದಿದ್ದದ್ದನ್ನು ನೋಡಲು ಅದೇ ಸರಿಯಾದ ಕಾಲವಾಗಿತ್ತು. ಹೇಗೆಂಬುದು ಮುಂದೆ ತಿಳಿಯುತ್ತದೆ.

ಹೋಗಲು ಕಾರಣ ಇಷ್ಟೆ. ನಮ್ಮಲ್ಲಿ ಬಹುತೇಕ ಸದಸ್ಯರ ತೋಟಗಳಲ್ಲಿ ಕಾಫಿ ಕೊಯ್ಲಿಗೆ ಬರುವವರು ಉತ್ತರ ಕರ್ನಾಟಕದ ಜನ. ನನ್ನ ತೋಟಕ್ಕೆ ವರ್ಷಗಳಿಂದ ಬರುತ್ತಿರುವ ತಂಡ ರಾಯಚೂರಿನ ಕೃಷ್ಣಾ ದಂಡೆಯದು. ಹಾಜರಿ ಪುಸ್ತಕದಲ್ಲಿ ಸೂಗಪ್ಪ, ಸೂಗಮ್ಮ, ಸೂಗೂರೇಶ ಎಂಬ ಹೆಸರುಗಳನ್ನು ಸಾಲಾಗಿ ಬರೆಯುತ್ತಾ ಬಂದಿದ್ದೇನೆ. ಅವೆಲ್ಲ ದೇವಸುಗೂರಿನ ಶ್ರೀ ಸೂಗೂರೇಶ್ವರನ ಹೆಸರಿನಿಂದ ಬಂದವು, ಆ ದೇವರು ವೀರಭದ್ರ, ಎಂಬುದು ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ನಮ್ಮ ಮನೆಯ ಮುಂದೆ ಮೂರು ನಾಲ್ಕು ತಿಂಗಳು ಇದ್ದು ಹೋಗುವ ಜನರ ಮನೆ ಎಂಥದೆಂದು ಒಮ್ಮೆಯೂ ಕೇಳಿದವನಲ್ಲ. ಕೇಳದೆ ಇದ್ದುದರಿಂದ ಒಂದು ತಪ್ಪೂ ನನ್ನಿಂದ ನಡೆದುಹೋಗಿತ್ತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮ ನೀರು ಹೋಗುವ ದಾರಿ

ನಮ್ಮ ಕೊಪ್ಪ, ಬಾಳೆಹೊನ್ನೂರು ಕಡೆಯಿಂದ ರಾಯಚೂರಿಗೆ ಹೋಗುವ ದಾರಿ ಒಂದು ರೀತಿಯಲ್ಲಿ ನಮ್ಮ ಮಳೆನೀರು ಹೋಗುವ ದಾರಿಯೇ. ನಮ್ಮ ಗುಡ್ಡಗಳ ನೀರು ತುಂಗೆಗೋ ಭದ್ರೆಗೋ ಸೇರುತ್ತದೆ. ಎರಡೂ ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಯ ಅಣೆಕಟ್ಟಿಗೆ ಹೋಗುತ್ತವೆ. 1953ರಲ್ಲಿ ನೀರು ಬಿಟ್ಟ ಆ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನವರೆಗೆ ಹರಿಯುತ್ತದೆ. ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳನ್ನು ನೋಡಿದರೆ ಇದು ಬರದ ಸೀಮೆಯೆಂದು ಯಾರೂ ಹೇಳಲಾರರು. ಆದರೆ ಕಾಲುವೆಯ ಮೇಲ್ಭಾಗದ ಒಣಭೂಮಿಗೆ ಕಾಲಿಟ್ಟ ಕೂಡಲೇ ಹತ್ತಿ, ತೊಗರಿ, ಜೋಳ, ನಡುವೆ ಬೋಳು ಬಂಡೆಗಳ ರಾಶಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಈ ಎಡೆದೊರೆ ನಾಡು. ಎರಡು ಹೊಳೆಗಳ ನಡುವೆ ಇದ್ದೂ ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನಮ್ಮಲ್ಲಿ ಒಂದು ಜುಲೈ ತಿಂಗಳಿನಲ್ಲೇ ಅದಕ್ಕಿಂತ ಹೆಚ್ಚು ಸುರಿಯುವುದುಂಟು.

ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಹೊರಟರೆ ಕೃಷ್ಣಾ ನದಿಗೆ ಮೊದಲು ಸಿಗುವ ಊರು ದೇವಸುಗೂರು. ದೂರದಿಂದಲೇ ಕಾಣುವುದು ದೇವಸ್ಥಾನವಲ್ಲ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು. 1985ರಲ್ಲಿ ಇಲ್ಲಿ ಮೊದಲ ಘಟಕ ಆರಂಭವಾಯಿತು. ಕ್ರಮೇಣ ಎಂಟು ಘಟಕಗಳಾಗಿ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್‌ಗೆ ಮುಟ್ಟಿತು. ನಮ್ಮ ಪಲ್ಪರ್ ಯಂತ್ರಗಳೂ ಪಂಪ್‌ಸೆಟ್ಟುಗಳೂ ಎಷ್ಟೋ ವರ್ಷ ಇಲ್ಲಿನ ವಿದ್ಯುತ್ತಿನಿಂದ ತಿರುಗಿವೆ ಎಂಬುದನ್ನು ಸದಸ್ಯರು ನೆನೆಯಬೇಕು. ಊರಿನಿಂದ ಮುಂದೆ ನಿಜಾಮರ ಆಳ್ವಿಕೆಯಲ್ಲಿ ಕಟ್ಟಿದ ಕಮಾನುಗಳ ಉದ್ದ ಸೇತುವೆ, ಅದರಾಚೆ ತೆಲಂಗಾಣ.

ಕಲ್ಲೇ ಬೆಳೆ ಎನ್ನುವ ಸೀಮೆ

ಈ ಜಿಲ್ಲೆಯಲ್ಲಿ ಕಲ್ಲಿನ ಕೆಲಸಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದನ್ನು, ಅದರಲ್ಲಿ ಅಶೋಕನ ಹೆಸರೇ ಇರುವುದನ್ನು, ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಕಲ್ಲುಗುಡಿಗಳು ಒಂದೆರಡಲ್ಲ, ಊರ ತುಂಬ ಇವೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲನ್ನು ಕೂರಿಸಿದ್ದಾರೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಆ ಕೋಟೆ ಕಟ್ಟಿಸಿದ ವಿಷಯ ಅದರ ಮೇಲೆ ತೆಲುಗಿನಲ್ಲಿ ಕೆತ್ತಿದೆ. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ಗೋಡೆಯಲ್ಲಿ ಬಿಡಿಸಿರುವ ಒಂದು ಗೆರೆಚಿತ್ರ: ಆ ಕಲ್ಲನ್ನು ಬಂಡಿಯ ಮೇಲೇರಿಸಿ ಸಾಲುಸಾಲು ಕೋಣಗಳನ್ನು ಹೂಡಿ ಎಳೆಸಿದ ನೋಟ. ರಾಜನ ಹೆಸರಿನ ಜೊತೆಗೆ ಬಂಡಿ ಹೊಡೆದವರ ಕಷ್ಟವನ್ನೂ ಕಲ್ಲಿನಲ್ಲಿ ಬರೆದಿಟ್ಟಿದ್ದಾರಲ್ಲ, ಅದು ದೊಡ್ಡದು.

ಹಳ್ಳಿಗಳ ಕಟ್ಟಡವೂ ಅದೇ ಕಲ್ಲಿನದು. ಹಳೆಯ ಊರುಗಳಿಗೆ ಅಗಸಿ ಬಾಗಿಲು. ಕೆಲವು ಊರುಗಳಲ್ಲಿ ಹುಡೇವು ಎಂಬ ದುಂಡನೆಯ ಕಾವಲು ಬುರುಜು. ಒಳಗೆ ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಚಪ್ಪಟೆ ಮಾಳಿಗೆಯ ಮನೆಗಳು. ನಮ್ಮಂತೆ ಒಂದೊಂದು ಗುಡ್ಡಕ್ಕೊಂದು ಮನೆ ಅಲ್ಲಿಲ್ಲ. ಒಬ್ಬರ ಗೋಡೆಯ ನೆರಳು ಇನ್ನೊಬ್ಬರ ಬಾಗಿಲಿಗೆ ಬೀಳಬೇಕೆಂಬುದೇ ಉದ್ದೇಶ, ಏಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ.

ಗೋಡೆ ಕಟ್ಟುವ ರೀತಿಯನ್ನು ನಮ್ಮ ತಂಡದ ಮೇಸ್ತ್ರಿಯೇ ನನಗೆ ವಿವರಿಸಿದ. ಗೋಡೆಯ ದಪ್ಪ ಎರಡು ಅಡಿ ಅಥವಾ ಇನ್ನೂ ಹೆಚ್ಚು. ಹೊರಗೊಂದು ಸಾಲು, ಒಳಗೊಂದು ಸಾಲು ಮುಖದ ಕಲ್ಲು. ನಡುವೆ ಚೂರುಗಲ್ಲು ಮತ್ತು ಕಲಸಿದ ಮಣ್ಣು. ಎರಡೂ ಸಾಲುಗಳು ಬೇರೆ ಬೇರೆಯಾಗಿ ಉಬ್ಬಿ ಬೀಳದಂತೆ ಅಲ್ಲಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಅಡ್ಡಗಲ್ಲು ಹಾಕಬೇಕು. ಹೊಸಬರು ಕಟ್ಟಿದ ಗೋಡೆ ಹೊಟ್ಟೆ ಬಿಡುವುದು ಈ ಅಡ್ಡಗಲ್ಲಿನ ಕೊರತೆಯಿಂದಲೇ ಎಂದು ಅವನ ಹೇಳಿಕೆ. ಬಂಡೆ ಸೀಳುವಾಗ ಉಳಿಯಿಂದ ಸಾಲಾಗಿ ಗುಳಿ ಹೊಡೆದು, ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಸಮನಾಗಿ ಏಟು ಹಾಕುತ್ತಾರೆ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಬಿದ್ದರೆ ಬಂಡೆ ತನಗೆ ಬೇಕಾದ ಕಡೆಗೆ ಒಡೆಯುತ್ತದೆ. ಬೆಣೆಯ ಶಬ್ದ ಬದಲಾದದ್ದನ್ನು ಕೇಳಿಯೇ ಕಲ್ಲು ಬಿಡುವ ಹೊತ್ತು ತಿಳಿಯುತ್ತದಂತೆ.

ಒಳಗೆ ಹೊಕ್ಕರೆ ಮೊದಲು ದನ ಕಟ್ಟುವ ತಗ್ಗು, ಗೋದಲಿ. ಅದರಿಂದ ಒಂದು ಕಟ್ಟೆಯಷ್ಟು ಎತ್ತರದಲ್ಲಿ ಪಡಸಾಲೆ. ಒಳಗೆ ಅಡಿಗೆ ಕೋಣೆ. ಎತ್ತು ಮನೆಯವರ ಕಣ್ಣೆದುರಿಗೇ ಇರುತ್ತದೆ. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ, ಮಾಳಿಗೆಯಲ್ಲಿ ಬೆಳಕಿಂಡಿ. ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಆ ಪಡಸಾಲೆಯಲ್ಲಿ ಕುಳಿತು ಮಜ್ಜಿಗೆ ಕುಡಿದೆ. ಫ್ಯಾನು ತಿರುಗುತ್ತಿರಲಿಲ್ಲ, ಬೇಕೆನಿಸಲೂ ಇಲ್ಲ. ಹಗಲಿನ ಬಿಸಿ ಅಷ್ಟು ದಪ್ಪದ ಗೋಡೆಯನ್ನು ದಾಟಿ ಒಳಕ್ಕೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ರಾತ್ರಿ ಜನ ಮಾಳಿಗೆಯ ಮೇಲೆ ಮಲಗುತ್ತಾರೆ.

ಊರ ಹೊರಗೆ ಹಗೇವುಗಳ ಗುರುತನ್ನೂ ತೋರಿಸಿದರು. ನೆಲದಲ್ಲಿ ತೋಡಿದ ಗುಂಡಿಗೆ ಹುಲ್ಲಿನ ಒತ್ತು ಕೊಟ್ಟು ಜೋಳ ತುಂಬಿ ಮುಚ್ಚಿದರೆ ವರ್ಷಗಳವರೆಗೆ ಕೆಡದು. ಆದರೆ ತೆರೆದ ಕೂಡಲೇ ಇಳಿದವನು ಜೀವಂತ ಬರುವುದಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯಬೇಕು. ಈಗ ಹಗೇವು ತುಂಬುವವರು ಬಹಳ ವಿರಳ.

ಹೊಳೆಯ ನಡುಗಡ್ಡೆಯಲ್ಲಿ

ಒಂದು ದಿನ ಹೊಳೆಯ ಕೆಳಭಾಗದ ಆತ್ಕೂರಿಗೆ ಹೋಗಿ ಅಲ್ಲಿಂದ ಕುರುವಪುರದ ನಡುಗಡ್ಡೆಗೆ ದಾಟಿದೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ್ದರಿಂದ ಮಹಾರಾಷ್ಟ್ರದ ಭಕ್ತರು ಬಹಳ. ಕೃಷ್ಣೆಯ ಈ ಭಾಗದಲ್ಲಿ ಇಂಥ ನಡುಗಡ್ಡೆಗಳು ಹಲವಿವೆ. ಇವುಗಳ ಜನರಿಗೆ ತಲೆಮಾರುಗಳಿಂದ ಹರಿಗೋಲೇ ರಸ್ತೆ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಹರಿಗೋಲಿನವನು ನೇರ ಎದುರು ದಡಕ್ಕೆ ಹುಟ್ಟು ಹಾಕುವುದಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಹೋಗಿ, ಆಮೇಲೆ ಹೊಳೆಗೆ ಬಿಟ್ಟು, ನೀರೇ ತನ್ನನ್ನು ಇಳಿಸಬೇಕಾದ ಜಾಗಕ್ಕೆ ಇಳಿಸುವಂತೆ ಮಾಡುತ್ತಾನೆ. ನೂರು ಎಕರೆ ತೋಟ ನಡೆಸುವವನಿಗೂ ಈ ಬುದ್ಧಿ ಬೇಕು.

ನಡುಗಡ್ಡೆಯ ಜೀವನ ಹೊರಗಿನವರಿಗೆ ಚಂದ ಕಾಣುತ್ತದೆ, ಒಳಗಿನವರಿಗೆ ಅದು ಲೆಕ್ಕಾಚಾರ. ಗೊಬ್ಬರದ ಚೀಲ, ಸೀಮೆಂಟು, ಕಾಯಿಲೆಯವರು, ಶಾಲೆಯ ಮಕ್ಕಳು, ಎಲ್ಲವೂ ಬುಟ್ಟಿಯಲ್ಲಿ ಹೊಳೆ ದಾಟಬೇಕು. ಆದ್ದರಿಂದ ಅಲ್ಲಿ ಕಟ್ಟಡಕ್ಕೆ ಸಿಕ್ಕಿದ್ದನ್ನೇ ಬಳಸುವುದು ಬೇರೂರಿದ ಪದ್ಧತಿ. ಕಲ್ಲು ಅಲ್ಲೇ ಇದೆ, ಮಣ್ಣು ಅಲ್ಲೇ ಇದೆ. ಮೇಲೆ ನಾರಾಯಣಪುರ ಅಣೆಕಟ್ಟು, ಕೆಳಗೆ ತೆಲಂಗಾಣದ ಜುರಾಲಾ ಅಣೆಕಟ್ಟು. ಮೇಲಿನವರು ನೀರು ಬಿಟ್ಟರೆ ಹರಿಗೋಲು ನಿಂತಿತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗಿತ್ತು; ಇನ್ನು ನಡುಗಡ್ಡೆಗಳ ಪಾಡೇನು! ಅದೇ ವಾರ ನಮ್ಮ ಮಲೆನಾಡಿನಲ್ಲೂ ಗುಡ್ಡಗಳು ಜರಿದು ತೋಟಗಳು ಹೋದದ್ದನ್ನು ನಾವು ಮರೆತಿಲ್ಲ.

ಇಂಥ ಕಲ್ಲೂರುಗಳು ನಮ್ಮಲ್ಲಿ ಮಾತ್ರ ಇವೆಯೆಂದಲ್ಲ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದ ಬೆಟ್ಟದ ಹಳ್ಳಿಗಳ ವಿಷಯ ಓದಿದಾಗ ನನಗೆ ರಾಯಚೂರನ್ನೇ ಓದಿದಂತಾಯಿತು. ಅಲ್ಲಿಯೂ ದಪ್ಪ ಕಲ್ಲಿನ ಗೋಡೆ, ಮರದ ತೊಲೆ, ಅದರ ಮೇಲೆ ಜೊಂಡು, ಮೇಲೆ ಮಣ್ಣಿನ ಚಪ್ಪಟೆ ಮಾಡು. ಆ ಸೀಮೆಯ ಲೆಬನಾನಿನಲ್ಲಿ ಮಳೆ ಬಂದ ಮೇಲೆ ಮಾಡಿನ ಮಣ್ಣು ಗಟ್ಟಿಯಾಗಲೆಂದು ಅದರ ಮೇಲೊಂದು ಉರುಳುಗಲ್ಲು ಎಳೆಯುತ್ತಿದ್ದರು. ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಟ್ರಾಮುಂಟಾನಾ ಬೆಟ್ಟದಲ್ಲಿ ಗಾರೆಯಿಲ್ಲದ ಕಲ್ಲುಗೋಡೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ತೋಟ ಮಾಡಿದ್ದಾರೆ; 2011ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಣಗಲ್ಲು ಕಟ್ಟುವ ವಿದ್ಯೆಯನ್ನೇ 2018ರಲ್ಲಿ ಸೈಪ್ರಸ್, ಗ್ರೀಸ್, ಇಟಲಿ, ಸ್ಪೇನ್ ಮುಂತಾದ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆಯೆಂದು ಅದೇ ಸಂಸ್ಥೆ ಗುರುತಿಸಿತು. ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ಅಲ್ಲಿಯೂ ಬೆಟ್ಟದ ಊರುಗಳ ಯುವಕರು ಪಟ್ಟಣಕ್ಕೂ ಪರದೇಶಕ್ಕೂ ಹೋದ ಮೇಲೆ ಮೊದಲು ಬಿದ್ದದ್ದು ಗೋಡೆಯಲ್ಲ, ಮಾಡು. ಈ ಮಾತಿನ ಅರ್ಥ ನನಗೆ ತಿಳಿದದ್ದು ದೇವಸುಗೂರಿನ ಕಡೆಯ ಮಾಳಿಗೆಯ ಮೇಲೆ ನಿಂತಾಗ.

ಮಾಳಿಗೆಗೆ ಮಣ್ಣು

ಆ ಕಡೆ ಇಂಥ ಮಾಳಿಗೆಗೆ ಮೇಲ್ಮುದ್ದಿ ಎನ್ನುತ್ತಾರೆ. ಬೇವಿನ ಅಥವಾ ಜಾಲಿಯ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ತೊಗರಿಕಟ್ಟಿಗೆ ಅಥವಾ ಲೆಕ್ಕಿಯ ಹಾಸು, ಅನುಕೂಲವಿದ್ದವರಲ್ಲಿ ಶಹಾಬಾದಿನ ಚಪ್ಪಡಿ. ಅದರ ಮೇಲೆ ಹೆಚ್ಚುಕಡಿಮೆ ಒಂದು ಅಡಿ ದಪ್ಪ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಬಳಸುವುದು ಸವುಳು ಮಣ್ಣು. ಬೆಳೆಗೆ ಬಾರದ ಉಪ್ಪು ನೆಲದಿಂದ ತಂದ ಮಣ್ಣು ಅದು. ನಮ್ಮ ಸದಸ್ಯರು ಮಣ್ಣು ಪರೀಕ್ಷೆಯ ವರದಿ ಓದಿ ಬಲ್ಲವರಾದ್ದರಿಂದ ಕಾರಣ ಹೇಳುತ್ತೇನೆ: ಇಂಥ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹೊಲವನ್ನು ಹಾಳುಮಾಡುವ ಗುಣವೇ ಮಾಳಿಗೆಯನ್ನು ಕಾಯುತ್ತದೆ.

ಆದರೆ ಇದಕ್ಕೊಂದು ಷರತ್ತು ಇದೆ. ಬೇಸಗೆಯಲ್ಲಿ ಆ ಪದರ ಬಿರಿಯುತ್ತದೆ, ಗಾಳಿಗೆ ಸವೆಯುತ್ತದೆ, ಇರುವೆ ಇಲಿಗಳು ತೂತು ಮಾಡುತ್ತವೆ. ಆದ್ದರಿಂದ ಪ್ರತಿ ವರ್ಷ ರೋಹಿಣಿ, ಮೃಗಶಿರಾ ಮಳೆಗಳಿಗೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಸಡಿಲಾದ ಹಳೆಯ ಮಣ್ಣು ಕೆರೆದು ತೆಗೆದು, ಹೊಸ ಮಣ್ಣು ಹಾಕಿ ಬಡಿಯಬೇಕು. ಹಳೆಯದನ್ನು ತೆಗೆಯದೆ ಹೊಸದನ್ನೇ ಪೇರಿಸುತ್ತಾ ಹೋದರೂ ಅಪಾಯ. ಒಂದು ಅಡಿ ದಪ್ಪದ ಮಣ್ಣೆಂದರೆ ಚದರ ಅಡಿಗೆ ಸುಮಾರು 45ರಿಂದ 50 ಕಿಲೋ ಭಾರ, ನೀರು ಕುಡಿದರೆ ಇನ್ನೂ ಹೆಚ್ಚು. ಒಂದು ವರ್ಷ ತಪ್ಪಿದರೆ ಸೋರುತ್ತದೆ. ಎರಡು ವರ್ಷ ತಪ್ಪಿದರೆ ಜಂತಿ ಕೊಳೆಯುತ್ತದೆ. ಆಮೇಲೆ ಒಂದು ಜಡಿಮಳೆ ಸಾಕು. ಮಾಳಿಗೆ ಹೋದ ಮೇಲೆ ನೀರು ಗೋಡೆಯ ನಡುವಿನ ಮಣ್ಣಿಗೆ ಇಳಿಯುತ್ತದೆ, ಕಲ್ಲು ತಾನಾಗಿ ಜಾರುತ್ತದೆ. ನೂರು ವರ್ಷ ನಿಂತ ಕಲ್ಲುಮನೆಯ ಆಯುಷ್ಯ ಇರುವುದು ಕಲ್ಲಿನಲ್ಲಲ್ಲ, ವರ್ಷಕ್ಕೊಮ್ಮೆ ಮಾಳಿಗೆ ಹತ್ತುವ ಕಾಲುಗಳಲ್ಲಿ.

ನಾನು ಹೋದ ಏಪ್ರಿಲ್ ತಿಂಗಳು ಆ ಕೆಲಸ ಶುರುವಾಗುವ ಕಾಲ. ಓಣಿಯಲ್ಲಿ ನಡೆದಾಗ ಯಾವ ಮನೆಯ ಜನ ಊರಲ್ಲಿದ್ದಾರೆ, ಯಾವ ಮನೆಯವರು ಗುಳೆ ಹೋಗಿದ್ದಾರೆ ಎಂಬುದನ್ನು ಬೀಗ ನೋಡದೆ ಮಾಳಿಗೆ ನೋಡಿಯೇ ಹೇಳಬಹುದಾಗಿತ್ತು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ವರ್ಷವಿಡೀ ಬಾರದೆ ಉಳಿಯುತ್ತಾರೆ. ಅವರ ಮಾಳಿಗೆಗಳ ಮೇಲೆ ಒಣಹುಲ್ಲು. ನಮ್ಮ ಕಾಫಿ ಸೀಮೆಗೆ ಬರುವವರು ಯುಗಾದಿಯ ಹೊತ್ತಿಗೆ ತಿರುಗಿ ಬಂದರೆ ಕೆಲಸ ನಡೆಯುತ್ತದೆ. ಅರೇಬಿಕಾ ಕೊಯ್ಲು ಮುಗಿದು, ರೋಬಸ್ಟಾ ಮುಗಿದು, ಮಾರ್ಚಿಯಲ್ಲಿ ಹೊರಟರೆ ಸರಿಯಾದ ಕಾಲಕ್ಕೆ ಊರು ಸೇರುತ್ತಾರೆ. ಅಂದರೆ ನಮ್ಮ ಪಂಚಾಂಗವೂ ಅವರ ಪಂಚಾಂಗವೂ ಹೊಂದುತ್ತವೆ, ನಾವು ಅದನ್ನು ಕೆಡಿಸದಿದ್ದರೆ.

ನಾನು ಕೆಡಿಸಿದ್ದೆ.

2009ನೇ ವರ್ಷದ ಮಾತು

2009ರ ಬೇಸಗೆಯಲ್ಲಿ ನನ್ನ ತೋಟದಲ್ಲಿ ಮರಗಸಿ ಬಾಕಿ ಉಳಿದಿತ್ತು, ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕುವುದೂ ಇತ್ತು. ಊರಿನ ಆಳು ಸಿಗಲಿಲ್ಲ. ಕೊಯ್ಲಿಗೆ ಬಂದ ತಂಡದಲ್ಲಿ ಎರಡು ಸಂಸಾರಗಳನ್ನು ನಿಲ್ಲಿಸಿಕೊಂಡೆ. ಅವರು ಏಪ್ರಿಲ್‌ನಿಂದಲೇ ಹೋಗುತ್ತೇವೆಂದು ಕೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಒಟ್ಟಿಗೆ ಲೆಕ್ಕ ಚುಕ್ತಾ ಮಾಡುತ್ತೇನೆಂದು ಹೇಳುತ್ತಾ ಬಂದೆ. ಲೆಕ್ಕ ನನ್ನ ಕೈಯಲ್ಲಿದ್ದ ಮೇಲೆ ಅವರು ಹೋಗುವುದೆಲ್ಲಿಗೆ? ಮುಂಗಾರು ಹಿಡಿದ ಮೇಲೆ, ಜೂನ್ ತಿಂಗಳಲ್ಲಿ, ಒಂದು ರೂಪಾಯಿಯೂ ಮುರಿಯದೆ ಕೊಟ್ಟು ಬಸ್ಸು ಹತ್ತಿಸಿದೆ. ನ್ಯಾಯವಾಗಿ ನಡೆದುಕೊಂಡೆನೆಂದೇ ತಿಳಿದಿದ್ದೆ.

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯ ಸುದ್ದಿ ಎಲ್ಲರಿಗೂ ನೆನಪಿರಬೇಕು. ಮಂತ್ರಾಲಯ, ಕರ್ನೂಲುಗಳಿಗೆ ನೀರು ನುಗ್ಗಿತು; ಜಿಲ್ಲೆಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಕುಸಿದವು. ನಮ್ಮ ಸಂಘದಿಂದಲೂ ಕಂಬಳಿ, ಅಕ್ಕಿ ಕಳಿಸಿದ್ದೆವು. ಆ ಪ್ರವಾಹದ ಮೇಲೆ ಸರ್ಕಾರ ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಎಷ್ಟೋ ಜನ ಅಲ್ಲಿಗೆ ಹೋದರು. ದನ ಕಟ್ಟಲು ಜಾಗವಿಲ್ಲವೆಂದು, ಹೊಲ ದೂರವೆಂದು, ಹಳೆಯ ಊರಿಗೇ ಮರಳಿದವರೂ ಇದ್ದಾರೆ.

ಕಳೆದ ಏಪ್ರಿಲ್‌ನಲ್ಲಿ ನಾನು ಉಳಿದುಕೊಂಡಿದ್ದ ಮನೆ ಅಂದು ನಿಲ್ಲಿಸಿಕೊಂಡ ಎರಡು ಸಂಸಾರಗಳಲ್ಲಿ ಒಂದರದು. ಮನೆಯ ಮುಂಭಾಗದ ಮೂರು ಅಂಕಣ ಹಳೆಯ ಕಲ್ಲಿನದು, ಹಿಂದಿನದು ಬೂದಿ ಇಟ್ಟಿಗೆಯ ಗೋಡೆ, ತಗಡಿನ ಮಾಡು. ಏಕೆ ಹೀಗೆ ಎಂದು ಕೇಳಿದೆ. ಮನೆಯ ಹಿರಿಯ ಹೆಂಗಸು ರೊಟ್ಟಿ ಬಡಿಯುತ್ತಾ, ತಲೆಯೆತ್ತದೆ ಹೇಳಿದಳು: “ದೊಡ್ಡ ಮಳಿ ಬಂದ ವರ್ಷ ಬಿತ್ರಿ. ಆ ವರ್ಷ ಮಾಳಗಿಗಿ ಮಣ್ಣ ಬೀಳಲಿಲ್ಲ. ನಾವು ನಿಮ್ಮ ತ್ವಾಟದಾಗ ಇದ್ವಿ ನೋಡ್ರಿ.”

ಹಿಂದಿನ ವರ್ಷವೂ ಮನೆಯಲ್ಲಿ ಕಾಯಿಲೆಯೆಂದು ಮಣ್ಣು ಹಾಕಿರಲಿಲ್ಲವಂತೆ. ಎರಡು ವರ್ಷ ತಪ್ಪಿತು. ಜನ ಮುಂದಿನ ಪಡಸಾಲೆಯಲ್ಲಿ ಮಲಗಿದ್ದರಿಂದ ಬದುಕಿದರು. ಹಿಂದೆ ಕಟ್ಟಿದ್ದ ಎತ್ತು ಸತ್ತಿತು. ಜೋಡಿಯಲ್ಲಿ ಒಂದು ಹೋದ ಮೇಲೆ ಇನ್ನೊಂದನ್ನು ಮಾರಿ, ಮುಂದಿನ ವರ್ಷದಿಂದ ಬೇಸಾಯ ಬಿಟ್ಟು ಸಂಸಾರವೆಲ್ಲ ಗುಳೆ ಹೋಗಲು ತೊಡಗಿತು. ಇಷ್ಟೂ ವರ್ಷ ನನ್ನ ತೋಟಕ್ಕೆ ಬರುತ್ತಲೇ ಇದ್ದರು, ಯಾರೂ ನನಗೆ ಹೇಳಿರಲಿಲ್ಲ. ಹೇಳಲು ನಾನು ಕೇಳಿರಲಿಲ್ಲ. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು, ಇನ್ನೊಂದು ತಿನ್ನಿರೆಂದಳು.

ಮಳೆ ಬಿದ್ದದ್ದು ನನ್ನಿಂದಲ್ಲ, ಮಣ್ಣು ಹಾಕಿದ್ದರೂ ಆ ಮಳೆಗೆ ಮಾಳಿಗೆ ನಿಲ್ಲುತ್ತಿತ್ತೆಂದು ಹೇಳಲು ಬರುವುದಿಲ್ಲ, ಎಂದು ವಾದಿಸಬಹುದು. ಆ ವಾದವನ್ನು ನಾನೇ ರಾತ್ರಿಯೆಲ್ಲ ಅದೇ ಮಾಳಿಗೆಯ ಮೇಲೆ ಮಲಗಿ ಮಾಡಿ ನೋಡಿದ್ದೇನೆ. ಪಕ್ಕದ ಮನೆಯವರು ಆ ವರ್ಷ ಮಣ್ಣು ಹಾಕಿದ್ದರು. ಅವರ ಮಾಳಿಗೆ ಸೋರಿತು, ಬೀಳಲಿಲ್ಲ.

ನಮ್ಮಿಂದಾಗುವುದು

ಹಳೆಯ ಕಲ್ಲೂರುಗಳನ್ನು ಉಳಿಸುವ ದೊಡ್ಡ ಮಾತು ನಮ್ಮಂಥ ಸಣ್ಣ ಹಿಡುವಳಿದಾರರ ಸಂಘಕ್ಕೆ ಹೇಳಿದ್ದಲ್ಲ. ಶಕ್ತಿನಗರದ ಹಾರುಬೂದಿಯ ಇಟ್ಟಿಗೆ ಸುಲಭವಾಗಿ ಸಿಗುವಾಗ, ವರ್ಷವರ್ಷ ಮಾಳಿಗೆ ಹತ್ತುವ ಗೋಜಿಲ್ಲದ ಆರ್‌ಸಿಸಿ ಮನೆ ಬೇಕೆಂದು ಅಲ್ಲಿಯ ಯುವಕರು ಆಸೆಪಟ್ಟರೆ ಅದು ತಪ್ಪೂ ಅಲ್ಲ. ನಾವೂ ಹೆಂಚಿನ ಮನೆ ಬಿಟ್ಟು ತಾರಸಿ ಕಟ್ಟಿದವರೇ. ಆದರೆ ಕಲ್ಲುಮನೆಯಲ್ಲಿ ಇರಬೇಕೆನ್ನುವವರ ಮನೆ ನಮ್ಮ ಕಾರಣದಿಂದ ಬೀಳಬಾರದು. ಇದಕ್ಕೆ ಹಣ ಬೇಡ, ಸ್ವಲ್ಪ ಲಕ್ಷ್ಯ ಸಾಕು. ನನಗೆ ತೋಚಿದ ನಾಲ್ಕು ಸೂಚನೆಗಳನ್ನು ಸದಸ್ಯರ ಮುಂದಿಡುತ್ತೇನೆ.

ಮೊದಲನೆಯದಾಗಿ, ಕೊಯ್ಲಿನವರ ಲೆಕ್ಕವನ್ನು ವಾರವಾರ ಬರೆದು ಅವರ ಕೈಗೂ ಒಂದು ಚೀಟಿ ಕೊಡಿ. ಕೊಯ್ಲು ಮುಗಿದ ದಿನವೇ ಪೂರ್ತಿ ಚುಕ್ತಾ ಮಾಡಿ. ಮುಂದಿನ ಕೆಲಸಕ್ಕೆ ನಿಲ್ಲುವುದು ಅವರ ಇಷ್ಟವಾಗಿರಲಿ, ನಮ್ಮ ಬಾಕಿಯ ಬಲದಿಂದ ಬೇಡ.

ಎರಡನೆಯದಾಗಿ, ತಂಡದ ಮೇಸ್ತ್ರಿಯೊಡನೆ ಮಾತಾಡುವಾಗ ಎಷ್ಟು ಜನ, ಎಷ್ಟು ಮುಂಗಡ ಎಂದು ಕೇಳುವಂತೆಯೇ ಮಾಳಿಗೆಗೆ ಮಣ್ಣು ಹಾಕುವುದು ಯಾವಾಗ ಎಂದೂ ಕೇಳಿ. ಮರಗಸಿಗೆ ಜನ ಬೇಕಾದರೆ ಮನೆಯ ಕೆಲಸ ಮುಗಿಸಿ ತಿರುಗಿ ಬರಲು ಬಸ್ಸಿನ ಹಣ ಕೊಡಿ. ನಾನು ಹಾಗೆ ಮಾಡಲು ತೊಡಗಿದ್ದೇನೆ.

ಮೂರನೆಯದಾಗಿ, ನಮ್ಮ ಲೈನ್ ಮನೆಗಳು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳನ್ನು ಉದ್ದೇಶಿಸಿ ಬಂದದ್ದು. ನಮ್ಮಲ್ಲಿ ಬಹುಮಂದಿ ಅದರ ಹೊರಗೇ ಉಳಿದೆವು. ಹೊರಗುಳಿದೆವೆಂದು ಹಗಲು ಕಾದು ರಾತ್ರಿ ಕೊರೆಯುವ ತಗಡಿನ ಕೆಳಗೆ, ಎರಡಡಿ ಕಲ್ಲುಗೋಡೆಯ ತಂಪಿನಲ್ಲಿ ಬೆಳೆದವರನ್ನು ಮಲಗಿಸುವುದು ನ್ಯಾಯವೇ? ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿ, ಒಳಗೊಂದು ದಬ್ಬೆಯ ಅಟ್ಟ ಕಟ್ಟಿ, ನೆಲವನ್ನು ಒಂದು ಅಡಿ ಎತ್ತರಿಸಿ. ಸಾಮಗ್ರಿ ನಮ್ಮ ತೋಟದಲ್ಲೇ ಇದೆ.

ನಾಲ್ಕನೆಯದು ನಮಗೇ ಲಾಭದ್ದು. ನಮ್ಮ ಇಳಿಜಾರಿನ ತೋಟಗಳಲ್ಲಿ ಹಿರಿಯರು ಕಟ್ಟಿಸಿದ ಕಲ್ಲಿನ ಕಟ್ಟಣೆಗಳು ಬಿದ್ದಲ್ಲೆಲ್ಲ ಸೀಮೆಂಟು ಗೋಡೆ ಕಟ್ಟುತ್ತಿದ್ದೇವೆ. 2019ರಲ್ಲಿ ಜರಿದ ಜಾಗದಲ್ಲಿ ನಾನೂ ಕಟ್ಟಿಸಿದೆ. ಹಿಂದಿನ ನೀರಿಗೆ ದಾರಿಯಿಲ್ಲದೆ ಎರಡೇ ಮಳೆಗಾಲಕ್ಕೆ ಬಿರುಕು ಬಿಟ್ಟಿತು. ಗಾರೆಯಿಲ್ಲದ ಕಲ್ಲುಗೋಡೆ ಮಣ್ಣನ್ನು ಹಿಡಿದು ನೀರನ್ನು ಬಿಡುತ್ತದೆ. ಈ ವಿದ್ಯೆ ಬಲ್ಲವನು ಇಷ್ಟು ವರ್ಷ ನನ್ನ ತೋಟದಲ್ಲಿ ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುತ್ತಿದ್ದ. ಕಳೆದ ಮೇ ತಿಂಗಳಲ್ಲಿ, ತನ್ನ ಮಾಳಿಗೆಗೆ ಮಣ್ಣು ಹಾಕಿ ಮುಗಿಸಿ, ಮೇಸ್ತ್ರಿ ಇಬ್ಬರೊಡನೆ ಬಂದು ನನ್ನ ಕೆಳಗಿನ ಅಡಿಕೆ ತೋಟದ ಬಳಿ ನಲವತ್ತು ಅಡಿ ಕಟ್ಟಣೆ ಕಟ್ಟಿ ಹೋದ. ಅದಕ್ಕೆ ಕೊಯ್ಲಿನ ಕೂಲಿಯಲ್ಲ, ಕಲ್ಲುಕೆಲಸದ ಮೇಸ್ತ್ರಿಯ ಕೂಲಿ ಕೊಟ್ಟೆ. ಅಡ್ಡಗಲ್ಲು ಎಲ್ಲೆಲ್ಲಿ ಇಟ್ಟಿದ್ದಾನೆಂದು ಅವನೇ ತೋರಿಸಿದ್ದಾನೆ. ಈ ಮಳೆಗಾಲ ಗೋಡೆ ಅಲುಗಿಲ್ಲ. ನೋಡಬೇಕೆನ್ನುವ ಸದಸ್ಯರು ಸಂಘದ ಕಛೇರಿಯಲ್ಲಿ ತಿಳಿಸಿ ಯಾವ ಭಾನುವಾರವಾದರೂ ಬರಬಹುದು.

ಬರುವ ಕೊಯ್ಲಿನ ಕಾಲಕ್ಕೆ ತಂಡಗಳ ಹೆಸರು ಬರೆಸುವವರು, ಹೆಸರಿನ ಮುಂದೆ ಊರನ್ನೂ, ಊರಿಗೆ ತಿರುಗಬೇಕಾದ ತಾರೀಖನ್ನೂ ಬರೆಸಬೇಕೆಂದು ಕೋರುತ್ತೇನೆ. ಸಂಘದ ಪುಸ್ತಕದಲ್ಲಿ ಅದಕ್ಕಾಗಿ ಒಂದು ಕಾಲಂ ಗೆರೆ ಎಳೆದಿಟ್ಟಿದ್ದೇನೆ.

ಇತಿ,
ಕಾರ್ಯದರ್ಶಿ